ಹುಂಜ ಕೂಗುವ ಊರಿಗೆ ಒಂದು ಧನ್ಯವಾದ

ಮೊನ್ನೆ ಮಧ್ಯಾಹ್ನ ನನ್ನ ಕಾಲ್ನಡಿಗೆಯ ಯಾತ್ರೆ ಮುಗಿಯಿತು. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ಊರಿನ ಕಥೆಡ್ರಲ್, ಅಂದರೆ ದೊಡ್ಡ ಚರ್ಚಿನ ಮುಂದೆ ಬ್ಯಾಗು ಇಳಿಸಿ ನೆಲದ ಮೇಲೆ ಕೂತೆ. ಫ್ರಾನ್ಸಿನ ಗಡಿಯಿಂದ ಸುಮಾರು 780 ಕಿ.ಮೀ. ನಡೆದಾಗಿತ್ತು. ಫೋನ್ ತುಂಬಾ ನಿಮ್ಮೆಲ್ಲರ ಶುಭಾಶಯ. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ. ಅದಕ್ಕಿಂತ ಮೊದಲು ಒಂದು ಊರಿಗೆ ಧನ್ಯವಾದ ಹೇಳಬೇಕು. ಆ ಊರು ಸಿಗದಿದ್ದರೆ ಹತ್ತನೇ ದಿನವೇ ನಾನು ವಾಪಸ್ ಹೊರಟುಬಿಡುತ್ತಿದ್ದೆ.

ಊರಿನ ಹೆಸರು ಸಾಂತೊ ದೊಮಿಂಗೊ ದೆ ಲಾ ಕಲ್ಸಾದಾ. ಉತ್ತರ ಸ್ಪೇನಿನ ಲಾ ರಿಯೋಹಾ ಸೀಮೆಯಲ್ಲಿದೆ. ಹಿಂದಿನ ಊರು ನಾಹೆರಾದಿಂದ ಅಲ್ಲಿಗೆ 21 ಕಿ.ಮೀ. ಮೊದಲು ಕೆಮ್ಮಣ್ಣಿನ ದ್ರಾಕ್ಷಿ ತೋಟ, ಆಮೇಲೆ ಗೋಧಿ ಕೊಯ್ದ ಬೋಳು ಹೊಲ. ನೆರಳೇ ಇಲ್ಲ. ಶೂ ಬಿಗಿಯಾಗಿ ಎರಡೂ ಹಿಮ್ಮಡಿಗೆ ಬೊಬ್ಬೆ ಎದ್ದಿತ್ತು. ಎಡಗಾಲಿನದು ಒಡೆದು ಕಾಲುಚೀಲ ಅಂಟಿಕೊಂಡಿತ್ತು. ಮಧ್ಯಾಹ್ನ ಮೂರಕ್ಕೆ ಊರು ಮುಟ್ಟಿದಾಗ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸ್ಪೇನಿನಲ್ಲಿ ಅದು ಊಟ ಮಾಡಿ ವಿಶ್ರಾಂತಿ ತಗೊಳ್ಳೋ ಹೊತ್ತು ಅಂತ ಗೊತ್ತಿದ್ದರೂ ಆ ದಿನ ಅಳು ಬಂತು. ಬೆಳಗ್ಗೆ ಬಸ್ಸು ಹಿಡಿದು ಊರಿಗೆ ಹೊರಡೋದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಯಾತ್ರಿಕರ ವಸತಿಗೆ ಅಲ್ಲಿ ಆಲ್ಬೆರ್ಗೆ ಅನ್ನುತ್ತಾರೆ. ಬಾಗಿಲಲ್ಲಿದ್ದ ಹಿರಿಯರು ನನ್ನ ಯಾತ್ರೆಯ ಪುಸ್ತಕಕ್ಕೆ ಸೀಲು ಒತ್ತುವ ಮೊದಲೇ ಕಾಲು ನೋಡಿದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದು ಬೇಸಿನ್ ಬಿಸಿನೀರು ತಂದರು. ಅದಕ್ಕೆ ಒಂದು ಹಿಡಿ ಉಪ್ಪು, ಸ್ವಲ್ಪ ವಿನೆಗರ್. ಕುರ್ಚಿ ಎಳೆದು ಕೂರಿಸಿ, ತಾವೇ ಬಗ್ಗಿ ಶೂ ದಾರ ಬಿಚ್ಚಿದರು. ನಮ್ಮ ಕಡೆ ಅಷ್ಟು ವಯಸ್ಸಾದವರು ನಮ್ಮ ಕಾಲು ಮುಟ್ಟೋದುಂಟಾ? ನಾನು ಬೇಡ ಬೇಡ ಅಂತ ಕಾಲು ಎಳೆದುಕೊಂಡೆ. ಅವರು ನಕ್ಕು ತಲೆ ಅಲ್ಲಾಡಿಸಿ, ಅಂಟಿದ್ದ ಕಾಲುಚೀಲವನ್ನು ನೀರು ಹಾಕಿ ಹಾಕಿ, ನಿಧಾನವಾಗಿ ಬಿಡಿಸಿದರು.

ಸಂಜೆ ಐದಾದ ಮೇಲೆ ಆ ಊರನ್ನು ನೋಡಬೇಕು. ಮಕ್ಕಳು, ಮೊಮ್ಮಕ್ಕಳು, ಕೋಲು ಹಿಡಿದ ಅಜ್ಜಿಯರು, ಎಲ್ಲರೂ ಬೀದಿಗೆ ಬಂದಿದ್ದರು. ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿಯಲ್ಲಿದ್ದ ಹೆಣ್ಣುಮಗಳು ಗಾಯ ತೊಳೆದು ಪಟ್ಟಿ ಕಟ್ಟಿದಳು. ಪಟ್ಟಿಯ ದುಡ್ಡು ಮಾತ್ರ ತಗೊಂಡಳು. ಶೂ ತೋರಿಸಿ ಬೇಡ ಅಂದಳು, ಎರಡು ಬೆರಳು ಎತ್ತಿದಳು. ಎರಡು ದಿನ ನಡೆಯಬೇಡ ಅಂತ.

ಇಂಥ ವಸತಿಗಳಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ ಇರಲು ಬಿಡುತ್ತಾರೆ. ಹುಷಾರಿಲ್ಲದವರಿಗೆ ವಿನಾಯಿತಿ ಇದೆಯಂತೆ. ನಾನು ಕೇಳುವ ಮೊದಲೇ ಆ ಹಿರಿಯರು ಕೆಳಗಿನ ಮಂಚ ತೋರಿಸಿ, ಇಲ್ಲೇ ಇರು ಅಂತ ಸನ್ನೆ ಮಾಡಿದರು.

ಮರುದಿನ ಬೆಳಗ್ಗೆ ಎಚ್ಚರವಾಗಿದ್ದು ಹುಂಜದ ಕೂಗಿಗೆ. ಒಂದು ಕ್ಷಣ ಮೂಡಿಗೆರೆಯ ಮನೆಯಲ್ಲೇ ಇದ್ದೀನಿ ಅನ್ನಿಸಿತು. ವಸತಿಯ ಹಿತ್ತಲಲ್ಲೇ ಕೋಳಿಗೂಡಿದೆ. ಅಲ್ಲಿಯ ಕೋಳಿ ಸುಮ್ನೆ ಸಾಕಿದ್ದಲ್ಲ, ಕಥೆಡ್ರಲ್ಲಿಗೆ ಅಂತ ಸಾಕಿದ್ದು. ಊರಿನ ಕಥೆಡ್ರಲ್ ಒಳಗೆ, ಗೋಡೆಯಲ್ಲಿ ಎತ್ತರಕ್ಕೆ ಕಟ್ಟಿದ ಹಳೇ ಕಲ್ಲಿನ ಗೂಡಲ್ಲಿ ಒಂದು ಬಿಳಿ ಹುಂಜ, ಒಂದು ಬಿಳಿ ಹ್ಯಾಟೆ ಯಾವಾಗಲೂ ಇರುತ್ತವೆ. ಅದಕ್ಕೊಂದು ಹಳೇ ಕಥೆ ಇದೆ. ಕಳ್ಳತನದ ಸುಳ್ಳು ಆರೋಪಕ್ಕೆ ಯಾತ್ರಿಕ ಹುಡುಗನೊಬ್ಬನನ್ನು ಗಲ್ಲಿಗೆ ಹಾಕಿದರಂತೆ. ಅಪ್ಪ ಅಮ್ಮ ಯಾತ್ರೆ ಮುಗಿಸಿ ಬಂದು ನೋಡಿದರೆ ಮಗನಿಗೆ ಇನ್ನೂ ಜೀವ ಇತ್ತು. ಅವರು ಹೋಗಿ ಹೇಳಿದಾಗ ಊಟಕ್ಕೆ ಕೂತಿದ್ದ ಅಧಿಕಾರಿ, ಅವನು ಬದುಕಿದ್ದರೆ ನನ್ನ ತಟ್ಟೆಯ ಕೋಳಿಯೂ ಬದುಕಿದೆ ಅಂದನಂತೆ. ಸುಟ್ಟ ಕೋಳಿ ಎದ್ದು ಕೂಗಿತಂತೆ. ಕಥೆಡ್ರಲ್ಲಿನ ಹುಂಜ ಕೂಗೋದು ಕೇಳಿದರೆ ಯಾತ್ರೆಗೆ ಶುಭ ಅಂತಾರೆ. ನಾನು ಅರ್ಧ ಗಂಟೆ ಕಾದೆ. ಕೂಗಿತು!

ಆ ಊರಿಗೆ ಹೆಸರು ಕೊಟ್ಟ ಸಂತ ದೊಮಿಂಗೊ 1109ರಲ್ಲಿ ತೀರಿಕೊಂಡವರು. ಮಠದವರು ಸೇರಿಸಿಕೊಳ್ಳದೆ ಹೋದಾಗ, ಯಾತ್ರಿಕರಿಗಾಗಿ ಕಾಡು ಕಡಿದು ದಾರಿ ಮಾಡಿದರು, ಓಹಾ ನದಿಗೆ ಸೇತುವೆ ಕಟ್ಟಿದರು, ಉಳಿಯಲು ಮನೆ ಕಟ್ಟಿಸಿದರು. ಕಲ್ಸಾದಾ ಅಂದರೆ ಕಲ್ಲು ಹಾಸಿದ ದಾರಿ. ಒಂಬತ್ತು ನೂರು ವರ್ಷ ಆದರೂ ಊರವರು ಅವರ ಕೆಲಸ ಬಿಟ್ಟಿಲ್ಲ ಅನ್ನೋದು ನನಗೆ ಆ ಬೇಸಿನ್ ನೋಡಿದಾಗಲೇ ಗೊತ್ತಾಯಿತು.

ಊಟದ್ದೂ ಹೇಳಲೇಬೇಕು. ಮಾಂಸ ಬೇಡ, ಮೊಟ್ಟೆಯೂ ಬೇಡ ಅಂದಾಗ ಹೋಟೆಲಿನ ಅಮ್ಮ ಒಳಗೆ ಕರೆದು ಪಾತ್ರೆ ತೆರೆದು ತೋರಿಸಿದರು. ಸೆಪ್ಟೆಂಬರಿನಲ್ಲಿ ಅಲ್ಲಿ ಪೋಚಾಸ್ ಅನ್ನೋ ಬಿಳಿ ಹಸಿಕಾಳಿನ ಕಾಲ. ಈರುಳ್ಳಿ, ಟೊಮೇಟೊ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ ಹಾಕಿ ಬೇಯಿಸಿದ್ದರು. ನಮ್ಮ ಅವರೆಕಾಳು ಸಾರಿನ ಅಕ್ಕನೋ ತಂಗಿಯೋ ಅನ್ನೋ ಹಾಗಿತ್ತು. ಎರಡು ಸಲ ಬಡಿಸಿಕೊಂಡೆ. ಮರುದಿನವೂ ನನಗೆ ಅಂತ ಒಂದು ಬಟ್ಟಲು ಎತ್ತಿಟ್ಟಿದ್ದರು.

ಮೂರನೇ ಬೆಳಗ್ಗೆ ಚಪ್ಪಲಿ ಹಾಕಿಕೊಂಡು ಹೊರಟೆ. ಮುಂದೆ ಇನ್ನೂ 550 ಕಿ.ಮೀ. ಇತ್ತು. ಆ ಹಿರಿಯರು ಸೇತುವೆ ತನಕ ಬಂದರು.

ಅಜ್ಜಾ, ಅಮ್ಮಾ, ಪಟ್ಟಿ ಕಟ್ಟಿದ ತಂಗೀ, ನಿಮಗೆ ಕನ್ನಡ ಬರಲ್ಲ. ಸಾಂತಿಯಾಗೊದಿಂದ ಮೂರು ಕಾರ್ಡು ಕಳಿಸಿದ್ದೇನೆ. ಸ್ಪ್ಯಾನಿಷ್ ತಪ್ಪಿದ್ದರೂ ಅರ್ಥವಾಗುತ್ತೆ ಅಂತ ನಂಬಿದ್ದೇನೆ.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ನಮ್ಮ ಮನೆ ಮುಂದೆ ಪ್ರತಿ ವರ್ಷ ಮಜ್ಜಿಗೆ, ಪಾನಕ ಕೊಡುತ್ತೇವಲ್ವಾ. ಈ ಸಲ ಪಕ್ಕದಲ್ಲಿ ನಾಲ್ಕು ಕುರ್ಚಿ, ನಾಲ್ಕು ಬೇಸಿನ್, ಒಂದು ಹಂಡೆ ಬಿಸಿನೀರು ಇಡೋಣ. ಉಪ್ಪು ನಾನು ತರುತ್ತೇನೆ.