ಉತ್ತರ ತಾಳೆ ನೋಡದೆ ವರದಿ ಕೊಡಬೇಡಿ

ಮಾನ್ಯರೇ,

ಉಡುಪಿ ಕಡೆ ಈಗ ಪಿಯುಸಿ ಮಕ್ಕಳಿಗೂ ವ್ಯಕ್ತಿತ್ವ ಪರೀಕ್ಷೆ ಮಾಡಿಸಿ, ಬಣ್ಣದ ಗ್ರಾಫ್ ಹಾಕಿದ ವರದಿಯನ್ನು ಮನೆಗೆ ಕೊಟ್ಟು ಕಳಿಸುತ್ತಿದ್ದಾರೆ. ಪರೀಕ್ಷೆ ಬೇಡ ಎನ್ನುತ್ತಿಲ್ಲ. ಆದರೆ ಮಕ್ಕಳು ಓದಿಯೇ ಉತ್ತರ ಬರೆದಿದ್ದಾರಾ ಎಂದು ಯಾರಾದರೂ ನೋಡಬೇಕು, ಅಲ್ವಾ?

ನೆರೆಮನೆಯ ಹುಡುಗಿಯ ವರದಿಯಲ್ಲಿ ‘ಭಾವನಾತ್ಮಕ ಸ್ಥಿರತೆ ಕಡಿಮೆ’ ಎಂದಿತ್ತು. ಅವಳ ಅಮ್ಮ ಹೆದರಿಬಿಟ್ಟರು. ಕಾಲೇಜಿನಿಂದ ಉತ್ತರ ಪತ್ರಿಕೆ ಕೇಳಿ ತಂದು, ನಾನು ಮನಃಶಾಸ್ತ್ರ ಪಾಠ ಮಾಡಿದವಳೆಂದು ನನಗೆ ತೋರಿಸಿದರು. ಮೊದಲ ಪುಟದಲ್ಲಿ ಯೋಚಿಸಿ ಹಾಕಿದ ಗುರುತುಗಳು. ಕೊನೆಯ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೂ ಬರೀ ‘ಹೌದು’. ಮಲಗಿದ ಕೂಡಲೇ ನಿದ್ದೆ ಬರುತ್ತದೆ ಎಂಬುದಕ್ಕೂ ಹೌದು, ತುಂಬ ಹೊತ್ತು ನಿದ್ದೆ ಬರುವುದಿಲ್ಲ ಎಂಬುದಕ್ಕೂ ಹೌದು! ಕೇಳಿದರೆ, “ಸಂಜೆ ಕೂರಿಸಿದ್ರು ಆಂಟಿ, ಹೆಬ್ರಿ ಬಸ್ಸು ತಪ್ಪುತ್ತಿತ್ತು” ಎಂದಳು.

ಇಂಥದ್ದನ್ನು ಹಿಡಿಯುವ ದಾರಿ ಹಳೆಯದೇ. ಅಮೆರಿಕದಲ್ಲಿ 1943ರಲ್ಲಿ ಬಂದ ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆಯಲ್ಲಿ, ಸಾಮಾನ್ಯವಾಗಿ ತೀರಾ ಕಡಿಮೆ ಜನ ಒಪ್ಪುವ ಹೇಳಿಕೆಗಳನ್ನು ಅಲ್ಲಲ್ಲಿ ಸೇರಿಸಿದ್ದರು. ಓದದೆ ಗುರುತು ಹಾಕುತ್ತಾ ಹೋದರೆ ಇವುಗಳ ಲೆಕ್ಕ, ಅಂದರೆ ‘ಎಫ್’ ಅಂಕ, ಏರುತ್ತದೆ. 1989ರ ಪರಿಷ್ಕೃತ ಆವೃತ್ತಿಯಲ್ಲಿ 567 ಹೇಳಿಕೆಗಳಿವೆ. ಮೇಲಿನ ನಿದ್ದೆಯ ಮಾತುಗಳಂಥ ಜೋಡಿ ಹೇಳಿಕೆಗಳ ಉತ್ತರ ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡುವ ಮಾಪಕಗಳೂ ಅದರಲ್ಲಿವೆ. ಎಲ್ಲಕ್ಕೂ ‘ಹೌದು’ ಎಂದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಆದರೆ ಎಫ್ ಅಂಕ ಏರಿದ ಮಾತ್ರಕ್ಕೆ ಉಡಾಫೆ ಎನ್ನುವಂತಿಲ್ಲ. ಮನಸ್ಸಿನಲ್ಲಿ ನಿಜಕ್ಕೂ ಸಂಕಟ ಇರುವವರದ್ದೂ ಏರುತ್ತದೆ. ಆಗಲೇ ಜೋಡಿಗಳನ್ನು ನೋಡಬೇಕು. ಅವು ತಾಳೆಯಾದರೆ ಮಗು ಓದಿಯೇ ಉತ್ತರಿಸಿರುವ ಸಾಧ್ಯತೆ ಜಾಸ್ತಿ. ಅಂಥ ಮಗುವನ್ನು ಕೂರಿಸಿ ಮಾತಾಡಿಸಲೇಬೇಕು. ತಾಳೆಯಾಗದಿದ್ದರೆ ಆ ಪತ್ರಿಕೆಯಿಂದ ಸ್ವಭಾವದ ಬಗ್ಗೆ ಏನೂ ಹೇಳಬಾರದು. ಈ ವ್ಯತ್ಯಾಸ ನೋಡದೆ ಹೋದರೆ, ಸುಮ್ನೆ ಗುರುತು ಹಾಕಿದ ಮಗುವಿಗೆ ಇಲ್ಲದ ಹಣೆಪಟ್ಟಿ ಬೀಳುತ್ತದೆ, ಕಷ್ಟದಲ್ಲಿರುವ ಮಗುವಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನನಗೆ ಎರಡನೆಯದರ ಭಯವೇ ಜಾಸ್ತಿ.

ಇಂಗ್ಲಿಷ್ ವಾಕ್ಯ ಅರ್ಥವಾಗದಿದ್ದರೂ ಉತ್ತರಗಳು ತಾಳ ತಪ್ಪುತ್ತವೆ. ಅದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಕನ್ನಡದಲ್ಲಿ ಸರಿಯಾಗಿ ಸಿದ್ಧಪಡಿಸಿದ ಪರೀಕ್ಷೆ ಕೊಡಿ, ಬೆಳಿಗ್ಗೆ ಹೊತ್ತು ಕೊಡಿ. ಉತ್ತರ ತಾಳೆ ನೋಡಿದ್ದೀರಾ ಎಂದು ಪರೀಕ್ಷೆ ನಡೆಸುವ ಸಂಸ್ಥೆಯನ್ನು ಕಾಲೇಜಿನವರು ಹಣ ಕೊಡುವ ಮೊದಲೇ ಕೇಳಲಿ, ಅದನ್ನು ವರದಿಯಲ್ಲೂ ಬರೆಸಲಿ.

– ನಿವೃತ್ತ ಉಪನ್ಯಾಸಕಿ, ಹಿರಿಯಡ್ಕ