ನೀರಿನ ರಿಪೋರ್ಟು ಕನ್ನಡದಲ್ಲಿ ಬೇಕು

ಸಂಪಾದಕರಿಗೆ ನಮಸ್ಕಾರ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ಕುಡಿಯಲು ಅಂಗಳದ ಬಾವಿ, ತೋಟಕ್ಕೆ ಬೋರ್‌ವೆಲ್. ಮಾವನವರ ಕಾಲದ ಒಂದು ಸುರಂಗವೂ ಇದೆ. ಮುರಕಲ್ಲು ಎಂಬ ಜಂಬಿಟ್ಟಿಗೆ ಕಲ್ಲಿನ ಗುಡ್ಡೆಯೊಳಗಿಂದ ಜಿನುಗುವ ಆ ನೀರನ್ನು ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹಿಡಿದು ಕೆರೆಗೆ ಬಿಡುತ್ತಿದ್ದರು. ಈಗ ಪಿವಿಸಿ ಪೈಪು. ಮೂರೂ ನೀರು ಕಣ್ಣಿಗೆ ತಿಳಿಯೇ. ನಾನು ಈ ಮನೆಗೆ ಮದುವೆಯಾಗಿ ಬಂದು 31 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ನಾವು ನೀರು ಪರೀಕ್ಷೆ ಮಾಡಿಸಿರಲಿಲ್ಲ.

ಕಳೆದ ಆಟಿ ತಿಂಗಳ ಜೋರು ಮಳೆಯಲ್ಲಿ ಮೊಮ್ಮಗಳಿಗೆ ಮೂರು ದಿನ ಬಿಡದೆ ವಾಂತಿ ಭೇದಿ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದೇ ಮನೆಯ ನೀರಿನ ಬಗ್ಗೆ. "ಬಾವಿಯದ್ದು, ಒಳ್ಳೆ ನೀರು" ಎಂದೆ. "ಒಳ್ಳೆಯದು ಅಂತ ಹೇಗೆ ಗೊತ್ತಮ್ಮ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಗು ಮನೆಗೆ ಬಂದ ಮೇಲೆ ನಾನೇ ನೀರು ತೆಗೆದುಕೊಂಡು ಲ್ಯಾಬಿಗೆ ಹೋದೆ. ತಂಪು ಪಾನೀಯದ ಬಾಟಲಿ ಚೆನ್ನಾಗಿ ತೊಳೆದು ಅದರಲ್ಲಿ ತುಂಬಿಸಿದ್ದೆ. ಅದು ನಡೆಯುವುದಿಲ್ಲವಂತೆ. ರೋಗಾಣು ನೋಡಲು ಲ್ಯಾಬಿನವರೇ ಕೊಡುವ ಶುದ್ಧ ಮಾಡಿದ ಬಾಟಲಿ ಬೇಕು. ನೀರು ತುಂಬುವ ಹೊತ್ತಿಗೆ ಮಾತ್ರ ಮುಚ್ಚಳ ತೆಗೆಯಬೇಕು, ಬಾಯಿಗೆ ಕೈ ತಾಗಬಾರದು, ಮೇಲೆ ಸ್ವಲ್ಪ ಜಾಗ ಬಿಡಬೇಕು, ಐಸಿನಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಬೇಕು. ಉಪ್ಪು, ಕಬ್ಬಿಣ ಇತ್ಯಾದಿ ನೋಡಲು ಬೇರೆ ಕ್ಯಾನು, ಅದನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ತೊಳೆಯಬೇಕು. ಈ ಮಾತನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಪಂಚಾಯತಿನಲ್ಲಿ ಇಟ್ಟಿದ್ದರೆ ನನಗೊಂದು ದಿನ, ಎರಡು ಬಸ್ಸಿನ ಖರ್ಚು ಉಳಿಯುತ್ತಿತ್ತು.

ಎರಡನೇ ಸಲ ಸರಿಯಾಗಿ ಕೊಟ್ಟೆ. ರಿಪೋರ್ಟು ಬಂತು, ಎರಡು ಪುಟ, ಪೂರ್ತಿ ಇಂಗ್ಲಿಷು. ನೀರಿನ ಹುಳಿ ಗುಣ ಎಷ್ಟೆಂದು ಹೇಳುವ ಪಿಎಚ್ ಎಂಬ ಅಂಕಿ 5.7 ಎಂದು ದಪ್ಪ ಅಕ್ಷರದಲ್ಲಿತ್ತು. ಇರಬೇಕಾದ್ದು 6.5ರಿಂದ 8.5. ನಾವು ಅದೊಂದನ್ನೇ ನೋಡಿ ಗಾಬರಿಯಾದೆವು. ಕೆಳಗೆ ಸಣ್ಣ ಅಕ್ಷರದಲ್ಲಿ 'ಇ ಕೋಲಿ' ಎಂದು ಬರೆದು ಎದುರಿಗೆ 'ಪ್ರೆಸೆಂಟ್' ಎಂದಿತ್ತು. ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ, ಏನೋ ಬೇಕಾದ್ದು ಇದೆ ಎಂದೇ ನನ್ನ ಯಜಮಾನರು ತಿಳಿದರು. ನಾನೂ ಹಾಗೇ ತಿಳಿದೆ. ಒಂಬತ್ತು ದಿನ ಅದೇ ನೀರನ್ನು ಕಾಯಿಸದೆ ಕುಡಿದೆವು. ಮನೆಗೆ ಬಂದ ಆಶಾ ಕಾರ್ಯಕರ್ತೆ ಕಾಗದ ನೋಡಿ, "ಅಕ್ಕಾ, ಇದು ಮಲದ ರೋಗಾಣು. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು" ಎಂದಾಗ ನನ್ನ ಕೈಕಾಲು ತಣ್ಣಗಾಯಿತು. ಮೊಮ್ಮಗಳು ಆಗ ಅದೇ ನೀರಿನ ಲೋಟ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಳು.

ಪಿಎಚ್ ಕಡಿಮೆ ಇರುವುದು ಮುರಕಲ್ಲಿನ ನೆಲದಲ್ಲಿ ಸಾಮಾನ್ಯವಂತೆ. ಹುಳಿ ಗುಣದ ನೀರು ಪೈಪು, ನಲ್ಲಿಗಳನ್ನು ತಿನ್ನುತ್ತದೆ. ನಮ್ಮ ಬಚ್ಚಲಿನ ಹಿತ್ತಾಳೆ ನಲ್ಲಿಯ ಕೆಳಗೆ ವರ್ಷಗಳಿಂದ ಇದ್ದ ಹಸಿರು ಕಲೆ ಯಾಕೆಂದು ಆಗ ಗೊತ್ತಾಯಿತು. ಮಗು ಕಾಯಿಲೆ ಬಿದ್ದದ್ದು ಮಾತ್ರ ಆ ಸಣ್ಣ ಅಕ್ಷರದ ಸಾಲಿನಲ್ಲಿದ್ದ ರೋಗಾಣುವಿನಿಂದಲೇ ಇರಬೇಕು. ಟೇಪು ಹಿಡಿದು ಅಳೆದೆವು. ಕಕ್ಕಸಿನ ಹೊಂಡಕ್ಕೂ ಬಾವಿಗೂ ಕಡೇ ಪಕ್ಷ ಏಳೂವರೆ ಮೀಟರ್ ಅಂತರ ಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ನಮ್ಮದು ಆರು ಮೀಟರೂ ಇರಲಿಲ್ಲ. ಮುರಕಲ್ಲಿನಲ್ಲಿ ತೂತುಗಳು ಜಾಸ್ತಿ. ಮಳೆಗಾಲದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮೇಲಿನಿಂದ ನೋಡಿ ಹೇಳಲು ಆಗುವುದಿಲ್ಲ.

ಹೊಂಡ ಬದಲಿಸುವ ಕೆಲಸ ನಡೆದಿದೆ. ಅಲ್ಲಿಯವರೆಗೆ ಕುದಿಸಿ ಕುಡಿಯುತ್ತೇವೆ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಮೊದಲೆಲ್ಲ ಒಂದು ಮುಷ್ಟಿ ಎಸೆಯುವುದು ರೂಢಿ. ಅದಕ್ಕೂ ಲೆಕ್ಕ ಇದೆ. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. ನಮ್ಮ ಬಾವಿ ಎರಡು ಮೀಟರ್ ಅಗಲ, ನೀರು ನಾಲ್ಕು ಮೀಟರ್. ಅಂದರೆ 12,560 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಸುಮಾರು 31 ಗ್ರಾಂ. ರೋಗ ಹರಡಿದ್ದರೆ ಅದರ ಎರಡು ಪಟ್ಟು. ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಗೆ ಇಳಿದ ಮೇಲೆ ತಿಳಿಯನ್ನು ಬೇರೆ ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಬೇಕು. ಆಮೇಲೆ ಒಂದು ಗಂಟೆ ನೀರು ಸೇದಬಾರದು.

ತೋಟದವರಿಗೆ ಪರೀಕ್ಷೆ ಎಂದರೆ ಹೊಸತೇನಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತೂಗಿ ಹಾಕುತ್ತೇವೆ. ಕಲಸಿದ ಮೇಲೆ ಕತ್ತಿಯ ಅಲಗು ಅದ್ದಿ ನೋಡುತ್ತೇವೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಮತ್ತೆ ಹಾಕುತ್ತೇವೆ. ಅಡಿಕೆ ಗೊನೆಗೆ ಬಿಡುವ ಮದ್ದಿಗೆ ಇಷ್ಟು ಜಾಗ್ರತೆ ಮಾಡುವ ಮನೆಯಲ್ಲೇ ಮಗು ಕುಡಿಯುವ ನೀರನ್ನು ನೋಡದೆ ಬಿಟ್ಟೆವಲ್ಲ ಎಂದು ನನಗೆ ಈಗಲೂ ಸಂಕಟ ಆಗುತ್ತದೆ.

ಬೋರ್‌ವೆಲ್ಲಿನ ನೀರಿನದ್ದು ಬೇರೆ ಕತೆ. ಡ್ರಿಪ್ಪಿನ ತೂತುಗಳಲ್ಲಿ ಕಂದು ಬಣ್ಣದ ಲೋಳೆ ಕಟ್ಟುತ್ತಿತ್ತು. ಅದು ಕಬ್ಬಿಣದ್ದೆಂದು ಪರೀಕ್ಷೆಯಲ್ಲಿ ತಿಳಿಯಿತು. ತೋಟದ ನೀರಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಉಪ್ಪಿನಂಶ, ಸೋಡಿಯಂ, ಕಬ್ಬಿಣ. ಕುಡಿಯುವ ನೀರಿನ ರಿಪೋರ್ಟು ಹಿಡಿದು ತೋಟದ ತೀರ್ಮಾನ ಮಾಡಲು ಬರುವುದಿಲ್ಲ. ಕಡಲ ಬದಿಯವರಿಗೆ ಇದು ಇನ್ನೂ ಮುಖ್ಯ. ಬೇಸಿಗೆಯಲ್ಲಿ ಬಾವಿಗೆ ಉಪ್ಪು ಏರಿದರೆ ತೆಂಗು ಒಂದಷ್ಟು ತಡೆದುಕೊಳ್ಳುತ್ತದೆ, ಅಡಿಕೆ ತಡೆಯುವುದಿಲ್ಲ.

ನಮ್ಮ ಎಣ್ಮಕಜೆ ಪಂಚಾಯತಿನ ಕಡೆಯವರಿಗೆ ನೀರಿನ ವಿಷಯ ನಾನು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗಿನ ಮನೆಗಳಲ್ಲಿ ಸುರಂಗದ, ತೋಡಿನ ನೀರನ್ನೇ ಕುಡಿಯುತ್ತಿದ್ದರು. ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ತಡೆದದ್ದು 2011ರಲ್ಲಿ. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಕೀಟನಾಶಕ ನೋಡುವುದಿಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಇದನ್ನೂ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಬರೆಯಬೇಕು. ಇಲ್ಲದಿದ್ದರೆ 'ಎಲ್ಲ ಸರಿ ಇದೆ' ಎಂದೇ ಜನ ತಿಳಿಯುತ್ತಾರೆ.

ನಾನು ಕೇಳುವುದು ಹೊಸ ಯೋಜನೆ ಅಲ್ಲ. ಜಲ ಜೀವನ್ ಮಿಷನ್‌ನಲ್ಲಿ ಊರಿನ ಐದು ಹೆಂಗಸರಿಗೆ ಕಿಟ್ಟಿನಲ್ಲಿ ನೀರು ನೋಡಲು ಕಲಿಸಬೇಕೆಂದಿದೆ. ಕೇರಳ ಸರ್ಕಾರದ ಹರಿತ ಕೇರಳಂ ಮಿಷನ್ ಕೆಲವು ಹಯರ್ ಸೆಕೆಂಡರಿ ಶಾಲೆಗಳ ಲ್ಯಾಬಿನಲ್ಲೇ ನೀರು ಪರೀಕ್ಷೆಗೆ ಏರ್ಪಾಡು ಮಾಡಿದೆ. ನಮ್ಮ ಮಕ್ಕಳೇ ಕನ್ನಡದಲ್ಲಿ ವಿವರಿಸಬಲ್ಲರು, ಅಲ್ವಾ? ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ನಾವು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ ಭಾಷಾ ಕಾಯ್ದೆ ಹೇಳುತ್ತದೆ. ನೀರಿನ ರಿಪೋರ್ಟಿಗೂ ಅದೇ ಕ್ರಮ ಬರಲಿ. ಇಂಗ್ಲಿಷ್ ಅಂಕಣ ಇರಲಿ, ಕೊನೆಗೆ ಮೂರು ಸಾಲು ಸಾಕು: ಈ ನೀರು ಕುಡಿಯಬಹುದೇ, ಏನು ದೋಷ ಇದೆ, ಮನೆಯಲ್ಲಿ ಏನು ಮಾಡಬೇಕು. ರೋಗಾಣು ಪರೀಕ್ಷೆ ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ದಿನಕ್ಕೆ ಮೊದಲು ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಆಗಲಿ.

ಮುಂದಿನ ಸೋಮವಾರ ನಾನು ಮತ್ತೆ ಲ್ಯಾಬಿಗೆ ಹೋಗುವವಳಿದ್ದೇನೆ. ನೆರೆಯ ಎರಡು ಮನೆಯವರ ಬಾಟಲಿಯೂ ನನ್ನ ಚೀಲದಲ್ಲಿರುತ್ತದೆ. ರಿಪೋರ್ಟು ಕನ್ನಡದಲ್ಲಿ ಬೇಕೆಂದು ಅರ್ಜಿ ಬರೆದು ಮೂವರೂ ಸಹಿ ಹಾಕಿದ್ದೇವೆ.

– ಒಬ್ಬಳು ಅಡಿಕೆ ಕೃಷಿಕೆ, ಪೆರ್ಲ