ಆಯಿಲ್ ಸೋರಿಕೆ: ಬೋಲ್ಟ್ ಬಿಗಿಯುವ ಮೊದಲು ಮೂಲ ಹುಡುಕಿ

ಸದಸ್ಯರೆಲ್ಲರಿಗೂ ನಮಸ್ಕಾರ. ಬೈಕಿನ ಎಂಜಿನ್ ಕೆಳಗೆ ಆಯಿಲ್ ಹನಿ ಕಂಡ ಕೂಡಲೇ ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಬಿಗಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಬೈಕ್ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ಎಂಜಿನ್ ತಣಿಸುವ ತೆಳು ಲೋಹದ ಪಟ್ಟಿಗಳಾದ ಫಿನ್‌ಗಳ ಮೇಲಿಂದ ಇಳಿದು, ಹಳೆ ಆಯಿಲ್ ಬಸಿಯಲು ತಳದಲ್ಲಿರುವ ಡ್ರೈನ್ ಬೋಲ್ಟಿನ ತುದಿಯಲ್ಲಿ ತೂಗುತ್ತದೆ.

ಮೊದಲು ತಣ್ಣಗಿರುವ ಎಂಜಿನ್ನನ್ನು ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಅನುಮಾನವಿರುವ ಜೋಡಣೆಗಳ ಮೇಲೆ ಟಾಲ್ಕಮ್ ಪೌಡರನ್ನು ತೆಳುವಾಗಿ ಉದುರಿಸಿ, ಸ್ವಲ್ಪ ದೂರ ಓಡಿಸಿ ಬನ್ನಿ. ಬಿಳಿ ಪುಡಿಯ ಮೇಲೆ ಕೂದಲೆಳೆಯಂತಹ ಕಂದು ಗೆರೆ ಮೂಡಿರುತ್ತದೆ. ಅದರ ಅತ್ಯಂತ ಮೇಲಿನ, ಮುಂದಿನ ತುದಿಯೇ ಸಾಮಾನ್ಯವಾಗಿ ಸೋರಿಕೆಯ ಮೂಲ.

ಡ್ರೈನ್ ಬೋಲ್ಟಿನಲ್ಲಿ ಒಸರುತ್ತಿದ್ದರೆ ವಾಷರ್ ಬದಲಿಸಿ, ಕಂಪನಿಯ ಕೈಪಿಡಿಯಲ್ಲಿರುವ ಬಿಗಿತದ ಅಳತೆ, ಅಂದರೆ ಟಾರ್ಕ್‌ಗೆ ಮಾತ್ರ ಬಿಗಿಯಿರಿ. ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಹಾಳಾದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಕವರಿನಲ್ಲಾದರೆ ಹೊಸ ಗ್ಯಾಸ್ಕೆಟ್ (ಜೋಡಣೆಯ ಸಂದು ಮುಚ್ಚುವ ಪಟ್ಟಿ) ಬೇಕು. ಹಳೆಯದರ ಮೇಲೆ ಸೀಲೆಂಟ್ ಎಂಬ ಅಂಟು ಬಳಿಯುವುದು ಪರಿಹಾರವಲ್ಲ, ಏಕೆಂದರೆ ಒಳಗೆ ಉದುರಿದ ಅದರ ಚೂರು ಆಯಿಲ್ ದಾರಿಯನ್ನೇ ಮುಚ್ಚಬಹುದು.

ಹೊಸ ಸೀಲ್ ಹಾಕಿದರೂ ಮತ್ತೆ ಸೋರಿದರೆ ಎಂಜಿನ್ ಒಳಗಿನ ಗಾಳಿಯ ಒತ್ತಡವನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯೇ, ಆಯಿಲ್ ಮಟ್ಟ ಮೇಲಿನ ಗುರುತು ದಾಟಿದೆಯೇ ಎಂದು ನೋಡಿ. ಈ ಎರಡನ್ನೂ ಬಹಳ ಮಂದಿ ಮರೆಯುತ್ತಾರೆ. ಇವುಗಳಿಂದ ಒಳಗಿನ ಒತ್ತಡ ಹೆಚ್ಚಿದರೆ ಒಳ್ಳೆಯ ಸೀಲ್ ಕೂಡ ತಡೆಯಲಾರದು.

ಆಯಿಲ್ ಹಿಂದಿನ ಟೈರಿಗೋ ಬ್ರೇಕ್ ಡಿಸ್ಕಿಗೋ ತಗಲಿದ್ದರೆ, ದುರಸ್ತಿಯಾಗಿ ಅವು ಶುಚಿಯಾಗುವವರೆಗೆ ದಯವಿಟ್ಟು ಬೈಕನ್ನು ರಸ್ತೆಗಿಳಿಸಬೇಡಿ.